ನಮ್ಮ ಬೀದಿಯ ಕಾಳಿನ ಕೋಣೆ

ರಾಯದುರ್ಗದಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಜೀನ್ಸ್ ಪ್ಯಾಂಟಿನ ಕೆಲಸದವರು. ಕೆಲವರು ಯೂನಿಟ್ಟಿಗೆ ಹೋಗಿ ಮಷಿನ್ ಮುಂದೆ ಕೂರುತ್ತಾರೆ. ಕೆಲವರು ಗಂಟು ಕಟ್ಟಿ ಮನೆಗೇ ತಂದು ದಾರ ಕತ್ತರಿಸುತ್ತಾರೆ, ಗುಂಡಿ ಹಾಕುತ್ತಾರೆ. ನಾನು ಜೇಬು ಹೊಲಿಯುವವಳು. ವಾರವೆಲ್ಲ ಹೊಲಿದದ್ದಕ್ಕೆ ಶನಿವಾರ ಬಟವಾಡೆ. ಆ ಸಂಜೆ ನಮ್ಮ ಬೀದಿಯಲ್ಲಿ ಒಗ್ಗರಣೆಯ ವಾಸನೆ ಬೇರೆ ದಿನಗಳಿಗಿಂತ ಜೋರು.

ಕೊರೊನಾ ಬಂದು ಊರು ಬಾಗಿಲು ಹಾಕಿಕೊಂಡ ವರ್ಷ ಯೂನಿಟ್ಟುಗಳೂ ಮುಚ್ಚಿದವು. ಆಗ ನಮ್ಮ ಬೀದಿಯ ಕೊನೆಯಲ್ಲಿರುವ ಯೂನಿಟ್ಟಿನ ಸಾವ್ಕಾರರು ದಾರದ ಉಂಡೆ ಇಡುತ್ತಿದ್ದ ಒಂದು ಸಣ್ಣ ಕೋಣೆಯನ್ನು ಖಾಲಿ ಮಾಡಿಕೊಟ್ಟರು. ಊರಿನ ಅಂಗಡಿಯವರು, ಗಿರಣಿಯವರು, ನೌಕರಿಯಲ್ಲಿದ್ದವರು ಅಕ್ಕಿ, ಬೇಳೆ, ಎಣ್ಣೆ ತಂದು ಅಲ್ಲಿ ಇಳಿಸಿದರು. ಹಂಚುವುದಕ್ಕೆ ನಾವು ನಾಲ್ಕು ಜನ ಹೆಂಗಸರು ನಿಂತೆವು. ನಮ್ಮಲ್ಲಿ ಹಿರಿಯವಳು ಎದುರುಮನೆಯಾಕೆ, ಗುಂಡಿ ಹಾಕುವ ಕೆಲಸದವಳು. ಅವಳು ಯಾರಿಗೂ ರಕ್ತಸಂಬಂಧಿಯಲ್ಲ. ಆದರೂ ಬೀದಿಗೆಲ್ಲ ಚಿಗವ್ವ. ಕೋಣೆಯ ಬೀಗದ ಕೈ ಮೊದಲ ದಿನದಿಂದಲೂ ಅವಳ ಸೊಂಟದಲ್ಲೇ ಇತ್ತು.

ಮೊದಲ ವರ್ಷ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಲದ ಮೇಲೆ ಚೀಲ. ಕೊಡುವವರು ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವು ಸೆರಗು ಸರಿ ಮಾಡಿಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದೆವು. ಅದರಲ್ಲಿ ತಪ್ಪೇನೂ ಇರಲಿಲ್ಲ, ಅಕ್ಕಿ ಒಳ್ಳೆಯದೇ ಇರುತ್ತಿತ್ತು. ಆಮೇಲೆ ಯೂನಿಟ್ಟುಗಳು ತೆರೆದವು, ಬಸ್ಸು ಓಡಿತು, ಮದುವೆಗಳು ನಡೆದವು. ಚೀಲಗಳು ಬರುವುದು ಕಡಿಮೆಯಾಯಿತು. ಜನ ಬರುವುದು ಮಾತ್ರ ನಿಲ್ಲಲಿಲ್ಲ.

ಯಾರು ಬರುತ್ತಿದ್ದರು ಅಂದರೆ, ಗಂಡ ಹಾಸಿಗೆ ಹಿಡಿದವರು, ರೇಷನ್ ಕಾರ್ಡ್ ಬೇರೆ ಊರಿನಲ್ಲಿ ಉಳಿದವರು, ರೇಷನ್ ಅಕ್ಕಿ ತಿಂಗಳ ನಡುವೆಯೇ ಮುಗಿದವರು. ಕಲ್ಯಾಣದುರ್ಗದ ಕಡೆಯಿಂದ ಕೂಸನ್ನು ಎತ್ತಿಕೊಂಡು ಕೆಲಸಕ್ಕೆ ಬಂದ ತೆಲುಗಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: "ಬಿಯ್ಯಂ ಉನ್ನಾಯಾ ಅಕ್ಕಾ?" ಅಕ್ಕಿ ಇದೆಯಾ ಎಂದು. ಇದೆ ಅನ್ನುವ ಮೊದಲು ನಾನು ಅಕ್ಕಿಯ ಡ್ರಮ್ಮಿನ ಒಳಗೆ ನೋಡಬೇಕಾಗುತ್ತಿತ್ತು.

ಬೊಮ್ಮನಹಾಳ್ ಕಡೆಯ ಅಕ್ಕಿ ಗಿರಣಿಯವರೊಬ್ಬರು ತಿಂಗಳಿಗೊಮ್ಮೆ ನುಚ್ಚು ಕಳಿಸುತ್ತಿದ್ದರು. ನನ್ನ ತವರೂ ಅದೇ ಕಡೆ. ಕಾಲುವೆ ನೀರಿನ ಗದ್ದೆಗಳಲ್ಲಿ ಅವ್ವ ನಾಟಿ ಹಾಕಿದ ಊರು. ಹಾಗಾಗಿ ಅವರ ಹತ್ತಿರ ಮಾತಾಡಲು ನನಗೆ ಸಂಕೋಚವಿರಲಿಲ್ಲ. ನುಚ್ಚು ಬರುವುದು ನಿಂತು ಎರಡು ತಿಂಗಳಾದಾಗ ಗಿರಣಿಗೆ ಹೋದೆ.

"ಇನ್ನಾ ನಡಸ್ತೀರೇನ್ರಿ ಅದನ್ನ?" ಎಂದರು. ಬೈದಂತಿರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. "ಕೊರೊನಾ ಹೋಗಿ ಎಷ್ಟ್ ದಿನ ಆತು?"

"ಜನ ಬರಾದು ನಿಂತಿಲ್ರಿ."

"ನೀವು ಕೊಡ್ತೀರಿ ಅಂತ ಬರ್ತಾರ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅದೇ ಮಾತು ತಲೆಯಲ್ಲಿ ತಿರುಗಿತು. ನಾವು ಕೊಡುತ್ತೇವೆಂದೇ ಬರುತ್ತಾರೋ, ಇಲ್ಲದ್ದಕ್ಕೆ ಬರುತ್ತಾರೋ? ಮಾರನೆಯ ದಿನ ಬಂದವರ ಮುಖವನ್ನು ಹುಡುಕುವಂತೆ ನೋಡಿದೆ. ಏನೂ ಗೊತ್ತಾಗಲಿಲ್ಲ. ಗೊತ್ತಾಗುವಂಥದ್ದೂ ಅಲ್ಲ ಅನ್ನಿಸಿ ಸುಮ್ಮನಾದೆ.

ಆಮೇಲೆ ನಮ್ಮ ಬೀದಿಯೇ ಕೋಣೆಯನ್ನು ಹೊತ್ತಿತು. ಅದು ಚಿಗವ್ವನ ಯೋಚನೆ. ಬಟವಾಡೆಯ ದಿನ ಪ್ರತಿ ಮನೆಯವರೂ ಒಂದು ಸೇರು ಅಕ್ಕಿಯೋ ಬೇಳೆಯೋ ತಂದು ಆಯಾ ಡ್ರಮ್ಮಿಗೆ ಹಾಕುವುದು. ಬೇಕಾದವರು ಬುಧವಾರ ಬಂದು ತೆಗೆದುಕೊಂಡು ಹೋಗುವುದು. ಯಾರನ್ನೂ ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಇದು ಚೆನ್ನಾಗಿಯೇ ನಡೆಯಿತು. ಊರಿನ ದೊಡ್ಡವರ ಮನೆ ಬಾಗಿಲಿಗೆ ಹೋಗುವ ಅಗತ್ಯವಿರಲಿಲ್ಲ. ನನಗೆ ಅದರಿಂದ ಒಳಗೊಳಗೆ ಹೆಮ್ಮೆಯಿತ್ತು.

ಮೂರನೆಯ ವರ್ಷದ ಯುಗಾದಿ ಮುಗಿದ ಮೇಲೆ ಆರ್ಡರು ನಿಂತುಹೋದವು. ಮೊದಲ ವಾರ ನಮ್ಮ ಸಾವ್ಕಾರರದ್ದು ಮಾತ್ರ ಅಂದುಕೊಂಡೆವು. ಆಮೇಲೆ ಪಕ್ಕದ ಬೀದಿಯಲ್ಲೂ ಮಷಿನ್ ಸದ್ದು ಇಲ್ಲ. ಬಳ್ಳಾರಿಯಿಂದ ಬಟ್ಟೆ ಬರುತ್ತಿಲ್ಲ, ಹೊಲಿದ ಮಾಲೇ ಗೋಡೌನಿನಲ್ಲಿ ಬಿದ್ದಿದೆ, ದರ ಕುಸಿದಿದೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಮಷಿನ್ ಸದ್ದಿಲ್ಲದ ಬೀದಿಯಲ್ಲಿ ಕುಕ್ಕರಿನ ಸೀಟಿ ಎದ್ದು ಕೇಳುತ್ತದೆ. ಯಾರ ಮನೆಯಲ್ಲಿ ಕೂಗಿತು, ಯಾರ ಮನೆಯಲ್ಲಿ ಕೂಗಲಿಲ್ಲ ಎಂದು ಕೂತಲ್ಲೇ ತಿಳಿಯುತ್ತಿತ್ತು. ನಾನು ಬೇಡವೆಂದರೂ ಕಿವಿ ಅತ್ತಲೇ ಹೋಗುತ್ತಿತ್ತು.

ಶನಿವಾರ ಬಂತು, ಬಟವಾಡೆಯಿಲ್ಲ. ಡ್ರಮ್ಮಿಗೆ ಒಬ್ಬರೂ ಹಾಕಲಿಲ್ಲ. ಬುಧವಾರ ಬಂತು. ಎಂದಿನವರ ಹಿಂದೆ ಹೊಸ ಮುಖಗಳು ನಿಂತಿದ್ದವು. ಹೊಸ ಮುಖವೆಂದರೆ ನಮಗೆ ಹೊಸಬರಲ್ಲ. ಶನಿವಾರ ತಪ್ಪದೆ ತಂದು ಹಾಕುತ್ತಿದ್ದವರು. ಓವರ್‌ಲಾಕ್ ಮಷಿನ್ನಿನವಳು, ಇಸ್ತ್ರಿಯವನ ಹೆಂಡತಿ, ಜಿಪ್ ಕೂರಿಸುವ ಅಕ್ಕತಂಗಿಯರು. ಒಬ್ಬರೂ ನನ್ನ ಮುಖ ನೋಡಲಿಲ್ಲ. ನಾನೂ ಚೀಲದ ಬಾಯಿಯನ್ನಷ್ಟೇ ನೋಡಿ ಅಳೆದು ಹಾಕಿದೆ. ಸೇರು ಡ್ರಮ್ಮಿನ ತಳಕ್ಕೆ ಬಡಿದು ಸದ್ದಾದಾಗ ಹೊರಗಿದ್ದವರಿಗೆ ಕೇಳಿಸೀತೆಂದು ಮೆಲ್ಲಗೆ ಕೈಯಾಡಿಸಿದೆ.

ಎಲ್ಲರೂ ಹೋದ ಮೇಲೆ ಚಿಗವ್ವ ಬಂದಳು. ಸೆರಗಿನ ಕೆಳಗೆ ಒಂದು ಚೀಲ.

"ನನಗೂ ಒಂದು ಸೇರು ಹಾಕವ್ವಾ."

ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಯಾವಾಗ ಬೇಕಾದರೂ ಬಾಗಿಲು ತೆಗೆದು ತೆಗೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಎಲ್ಲರೂ ಮುಗಿಯುವ ತನಕ ಹೊರಗೆ ಕಾದಿದ್ದಳು. ನಾನು ಅಳೆದು ಹಾಕಿದೆ. ಅವಳು ಚೀಲ ಮಡಚಿ ಪಕ್ಕಕ್ಕಿಟ್ಟು ಖಾಲಿ ಚೀಲಗಳ ಮೇಲೆ ಕೂತಳು.

"ಹಾಕೋರೂ ನಾವ, ತಗಳ್ಳೋರೂ ನಾವ," ಎಂದಳು. "ಎಲ್ರಿಗೂ ಒಂದ ಸಲಕ್ಕ ಕೆಲಸ ನಿಂತ್ರ ಇದಕ್ಕ ತುಂಬೋರು ಯಾರು? ಇದನ್ನ ನಾವು ಮೊದಲ ಯಾಕ ಯೋಚನೆ ಮಾಡ್ಲಿಲ್ಲ?"

"ಈಗ ಏನ್ ಮಾಡಾದು ಚಿಗವ್ವ?"

"ಇರೋದು ಮುಗಿಲಿ. ಬಾಗಲಾ ಹಾಕಿಬಿಡಾನ. ಇಲ್ಲದ್ದು ಇಟ್ಕೊಂಡು ಜನಕ್ಕ ಆಸೆ ಹಚ್ಚಾದು ಪಾಪ."

ಬಾಗಿಲು ಹಾಕಿದ ದಿನ ಬರುವವರಿಗೆ ಏನು ಹೇಳುವುದೆಂದು ಯೋಚಿಸಿದೆ. ಬಾಗಿಲಿಗೆ ಚೀಟಿ ಅಂಟಿಸಿದರೆ ಓದಲು ಬಾರದವರು ಬಿಸಿಲಲ್ಲಿ ಕಾಯುತ್ತಾರೆ. ಒಂದು ವಾರ ತಡಿ ಎಂದೆ. ಯಾವ ಭರವಸೆಯಿಂದ ಹಾಗೆ ಹೇಳಿದೆನೋ ನನಗೇ ತಿಳಿಯದು.

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ನನಗಿರುವುದು ಒಬ್ಬಳೇ ಅಕ್ಕ. ಅವಳನ್ನು ಮಡಕಶಿರಾದ ಆಚೆ, ಅಮರಾಪುರದ ಹತ್ತಿರದ ಒಂದು ಹಟ್ಟಿಗೆ ಕೊಟ್ಟಿದ್ದರು. ಕುರಿ ಸಾಕುವ ಮನೆ, ರಾಗಿ, ಶೇಂಗಾದ ಹೊಲ. ಮದುವೆಯಾದ ಮೇಲೆ ಅವಳ ಮಾತೇ ಆ ಕಡೆಯದಾಗಿಬಿಟ್ಟಿದೆ, ಹಟ್ಟಿಯನ್ನು ಅಟ್ಟಿ ಅನ್ನುತ್ತಾಳೆ. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂದು ಮಾತು ಕೇಳಿದರೆ ಯಾರೂ ನಂಬುವುದಿಲ್ಲ.

"ನಮ್ ಅಟ್ಟಿ ಹೆಂಗಸ್ರು ಸೇರ್ಕಂಡು ರಾಗಿ ಮಡಗಿದ್ದೀವಿ," ಎಂದಳು. "ಶ್ರಾವಣದಾಗೆ ಮನೆ ರಾಗಿ ಮುಗಿದೋರಿಗೆ ಆಗ್ಲಿ ಅಂತ. ಆದ್ರೆ ಅದು ನನ್ನೊಬ್ಬಳದಲ್ಲ ಕಣೆ. ನಾನು ಕೊಟ್ಟೆ ಅಂತ ಕೊಡಾಕಾಗಲ್ಲ. ನೀನೇ ಬಂದು ಕೇಳು."

ಬೆಳಿಗ್ಗೆ ಹೊರಟೆ. ಮೂರು ಖಾಲಿ ಚೀಲ ಮಡಚಿ ಬುತ್ತಿಯ ಕೆಳಗೆ ಇಟ್ಟುಕೊಂಡಿದ್ದೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವಾಗ ಆ ಚೀಲಗಳ ಬಗ್ಗೆಯೇ ಚಿಂತೆ ಹತ್ತಿತು. ಕೇಳುವ ಮೊದಲೇ ಚೀಲ ತಂದಿದ್ದಾಳೆ ಎಂದು ಅವರು ಅಂದುಕೊಂಡರೆ? ತರದೆ ಹೋಗಿ, ಅವರು ಕೊಟ್ಟರೆ, ತುಂಬುವುದಾದರೂ ಯಾವುದರಲ್ಲಿ? ಮಡಕಶಿರಾ ತಲುಪುವವರೆಗೂ ಇದೇ. ಅಲ್ಲಿಂದ ಅಮರಾಪುರದ ಬಸ್ಸು. ಇಳಿದಲ್ಲಿ ಭಾವ ಗಾಡಿ ತಂದು ನಿಂತಿದ್ದ. ಮಾತಾಡುವವನಲ್ಲ. "ಚೆನ್ನಾಗಿದ್ದೀರಾ," ಎಂದು ಕೇಳಿ ಗಾಡಿಯ ಕಿಕ್ ಒದ್ದ.

ಮಧ್ಯಾಹ್ನ ಅಕ್ಕನ ಮನೆಯ ಜಗುಲಿಯ ಮೇಲೆ ಹಟ್ಟಿಯ ಹೆಂಗಸರು ಕೂಡಿದರು. ನಡುವೆ ಅಕ್ಕನ ಅತ್ತೆ, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ರಾಗಿ ಇಟ್ಟಿದ್ದ ಹಗೇವು ಅವರ ಮನೆಯದು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಬಹಳ ವರ್ಷ ಬಳಸದೆ ಬಿಟ್ಟಿದ್ದದ್ದನ್ನು ಕೊರೊನಾ ಆದ ಮೇಲೆ ಈ ಹೆಂಗಸರು ಮತ್ತೆ ಸರಿ ಮಾಡಿಸಿದ್ದರು.

ನಾನು ಎಲ್ಲ ಹೇಳಿದೆ. ಕೋಣೆ, ಶನಿವಾರದ ಸೇರು, ನಿಂತುಹೋದ ಆರ್ಡರು. ಚಿಗವ್ವ ಚೀಲ ಹಿಡಿದು ಬಂದದ್ದನ್ನು ಹೇಳಲಿಲ್ಲ. ಅವಳ ಹಿಂದೆ ಅದನ್ನು ಆಡಲು ಮನಸ್ಸಾಗಲಿಲ್ಲ.

"ಏನಮ್ಮ, ನಿಮ್ಮೂರಾಗೆ ರೇಷನ್ ಕೊಡಲ್ವಾ?" ಅತ್ತೆ ಕೇಳಿದರು.

"ಕೊಡ್ತಾರ್ರಿ. ಅದು ಅರ್ಧ ತಿಂಗಳಿಗೆ ಆಗತೈತಿ. ಕಾರ್ಡ್ ಅಲ್ಲಿಲ್ಲದೋರೂ ಅದಾರ."

"ಒಲಿಗೆ ಯಾವಾಗ ಸುರುವಾಗ್ತದೆ?"

"ಗೊತ್ತಿಲ್ರಿ."

"ಸುರುವಾಗ್ದೇ ಇದ್ರೆ?"

ಗೊತ್ತಿಲ್ರಿ ಎಂದು ಎರಡನೆಯ ಸಲ ಹೇಳಲು ಆಗಲಿಲ್ಲ. ಕೂಸಿಗೆ ಮೊಲೆಯೂಡಿಸುತ್ತಿದ್ದ ಒಬ್ಬಳು ತಲೆಯೆತ್ತದೆ ಅಂದಳು: "ಇವತ್ತು ಇವ್ರಿಗೆ ಕೊಟ್ರೆ ಶ್ರಾವಣದಾಗೆ ನಮ್ ಮಕ್ಳಿಗೆ ಏನ್ ಹಾಕಾದು?"

ಅದು ನ್ಯಾಯವಾದ ಮಾತೇ. ನಾನು ಅವಳ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. ಎದ್ದು ಹೊರಡಬೇಕೆನ್ನಿಸಿತು. ಅಲ್ಲಿಯವರೆಗೆ ಸುಮ್ಮನಿದ್ದ ಅಕ್ಕ ಆಗ ಬಾಯಿಬಿಟ್ಟಳು. ನನ್ನ ಕಡೆ ನೋಡದೆ, ಅತ್ತೆಯ ಕಡೆಯೂ ನೋಡದೆ, ಜಗುಲಿಯ ನೆಲ ನೋಡುತ್ತ ಮಾತಾಡಿದಳು.

"ನನ್ ತಂಗಿ ಅಂತ ಏಳ್ತಿಲ್ಲ. ನಮ್ಗೆ ಮಳೆ ಕೈ ಕೊಟ್ರೆ ಈ ಅಟ್ಟಿಗೊಂದೇ ಕೈ ಕೊಡ್ತದಾ? ಪಕ್ಕದೂರಿಗೂ ಕೊಡ್ತದೆ, ಅಮರಾಪುರದ ತನಕ ಎಲ್ರಿಗೂ ಕೊಡ್ತದೆ. ಆವಾಗ ಯಾರ ಮನೆ ಬಾಗ್ಲಿಗೆ ಓಗಾನ? ಅಲ್ಲಿ ಮಳೆ ಬರ್ಲಿ ಬಿಡ್ಲಿ ಪ್ಯಾಂಟ್ ಒಲೀತಾರೆ. ನಮ್ ಕಷ್ಟ ಬರಾ ತಿಂಗ್ಳೇ ಬ್ಯಾರೆ, ಅವ್ರದ್ದೇ ಬ್ಯಾರೆ. ಎರಡೂ ಕಡೆ ಒಂದೇ ದಿನ ಬೆಂಕಿ ಆರಾಕಿಲ್ಲ."

ಅತ್ತೆ ಸೊಸೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನಗೆ ಕೇಳಿದರು: "ಶ್ರಾವಣಕ್ಕೆ ನೀವು ಏನ್ ಕೊಡ್ತೀರಾ?"

"ಅಕ್ಕಿ ಕೊಡಬಹುದ್ರಿ. ಬೇಳೆ ಕೊಡಬಹುದು. ಆದ್ರ ಬೀದಿಯೋರ ಪರವಾಗಿ ನಾನೊಬ್ಬಾಕಿ ಮಾತು ಕೊಡಾಕ ಬರಂಗಿಲ್ಲ."

"ಮತ್ತೆ ಕೇಳು, ಫೋನ್ ಐತಲ್ಲ."

ಎಲ್ಲರ ಮುಂದೆ ಚಿಗವ್ವನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಚಿಗವ್ವನಿಗೆ ಫೋನಿನಲ್ಲಿ ಕೂಗಿ ಮಾತಾಡುವ ಅಭ್ಯಾಸ. ಅತ್ತೆಯೂ ಕೂಗಿದರು.

"ಶ್ರಾವಣದಾಗೆ ಅಕ್ಕಿ ಮಡಗಿರ್ತೀರಾ?"

"ಏನಂದ್ರಿ? ಏನ್ ಮಡಚಾದ್ರಿ?"

"ಅಕ್ಕಿ, ಅಕ್ಕಿ! ವಾಪಸ್ ಕೊಡ್ತೀರಾ ಅಂತ!"

ಫೋನು ಕಟ್ಟಾಯಿತೇನೋ ಎಂದು ನಾನು ನೋಡಿಕೊಂಡೆ. ಆಮೇಲೆ ಚಿಗವ್ವನ ದನಿ ಮೊದಲಿಗಿಂತ ತಗ್ಗಿ ಬಂತು. "ಯಕ್ಕಾ, ಬೀದಿಯೋರೆಲ್ಲಾ ಕೊಡ್ತಾರಂತ ನಾನು ಹೆಂಗ ಹೇಳ್ಲಿ? ನಾವು ನಾಕು ಮಂದಿ ಕೊಡ್ತೀವಿ. ಉಳಿದೋರ ಮನೀಗೆ ಹೋಗಿ ಕೇಳ್ತೀವಿ. ಕಡಿಮಿ ಬಿದ್ರ ಕಡಿಮಿ ಬಿದ್ದೈತಿ ಅಂತ ಬಂದು ಹೇಳ್ತೀವಿ. ತಪ್ಪಿಸ್ಕೊಂಡು ಹೋಗಂಗಿಲ್ಲ."

ಅತ್ತೆ ಫೋನನ್ನು ನನ್ನ ಕಡೆ ತಳ್ಳಿದರು. "ಎಲ್ಲಾ ಕೊಡ್ತೀವಿ ಅಂದಿದ್ರೆ ನಾನು ಕೊಡ್ತಿರ್ಲಿಲ್ಲ," ಎಂದರು. ಅಷ್ಟು ಹೇಳಿ ಕುರಿಗೆ ನೀರಿಡಲು ಎದ್ದರು.

ಮಾರನೆಯ ಬೆಳಿಗ್ಗೆ ಹಗೇವು ತೆಗೆದರು. ಭಾವ ಮಣ್ಣು ಕೆರೆದು, ಇನ್ನೊಬ್ಬರ ಜೊತೆ ಸೇರಿ ಚಪ್ಪಡಿ ಸರಿಸಿದ. ಕೂಡಲೇ ಯಾರೂ ಹತ್ತಿರ ಹೋಗಲಿಲ್ಲ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ, ಇಳಿದರೆ ಉಸಿರು ಕಟ್ಟುತ್ತದೆ ಎಂದು ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಬಿಸಿಲೇರುವ ತನಕ ಬಾಯಿ ತೆರೆದು ಬಿಟ್ಟರು. ಬೇವಿನ ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿದರು. ಆಮೇಲೆ ಲಾಟೀನು ಹೊತ್ತಿಸಿ ಹಗ್ಗದಲ್ಲಿ ಇಳಿಬಿಟ್ಟರು. ಸ್ವಲ್ಪ ಇಳಿಯುತ್ತಲೇ ದೀಪ ಆರಿತು. ಮತ್ತೆ ಕಾದರು. ಎರಡನೆಯ ಸಲವೂ ಆರಿತು. ನನಗೆ ಭಾವನ ಮುಖ ನೋಡಲು ಧೈರ್ಯ ಬರಲಿಲ್ಲ. ನಾನು ಕೇಳಿದ್ದಕ್ಕಾಗಿ ಈ ಮನುಷ್ಯ ಆ ಗುಂಡಿಗೆ ಇಳಿಯಬೇಕು. ಬೇಡ ಬಿಡಿ, ನಾನು ಹಾಗೇ ಹೋಗುತ್ತೇನೆ ಎಂದು ಅಕ್ಕನಿಗೆ ಪಿಸುಗುಟ್ಟಿದೆ.

"ಸುಮ್ಕಿರು, ಅವ್ರಿಗೆ ಇದು ಒಸದಲ್ಲ," ಎಂದಳು. ಆದರೆ ಅವಳೂ ಹಗ್ಗದ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮೂರನೆಯ ಸಲ ದೀಪ ನಿಂತಿತು. ಭಾವ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದ. ಮೇಲೆ ಬಂದ ಮೊದಲ ಬುಟ್ಟಿಯ ರಾಗಿ ಕಪ್ಪಾಗಿತ್ತು. ಗಂಟುಗಂಟು, ಮುಗ್ಗಲು ವಾಸನೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯ ಬುಟ್ಟಿಯೂ ಹಾಗೇ. ಎಲ್ಲವೂ ಹೀಗೇ ಆಗಿದ್ದರೆ ನನಗೆ ಕೊಡುವ ಮಾತು ಹಾಗಿರಲಿ, ಈ ಹಟ್ಟಿಯ ಮಕ್ಕಳಿಗೇ ಶ್ರಾವಣದಲ್ಲಿ ಏನೂ ಇಲ್ಲ. ಇವರು ನಂಬಿ ಕೂತಿದ್ದದ್ದು ನೆಲದೊಳಗೆ ಕೊಳೆಯುತ್ತಿತ್ತೇ? ನಾನು ಬಂದು ತೆಗೆಸದಿದ್ದರೆ ಇನ್ನೂ ಮೂರು ತಿಂಗಳು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

"ಬಾಯಿ ತಾವ ನೀರು ಇಳಿದೈತೆ," ಒಳಗಿಂದ ಭಾವನ ದನಿ ಬಂತು. "ಕೆಳಗೆ ನೋಡ್ತೀನಿ ತಡೀರಿ."

ಮುಂದಿನ ಬುಟ್ಟಿ ಬಂದಾಗ ಅತ್ತೆ ಕೈ ಹಾಕಿ ಒಂದು ಹಿಡಿ ತೆಗೆದರು. ಮೂಸಿದರು. ಬಾಯಿಗೆ ಹಾಕಿಕೊಂಡು ಅಗಿದರು. ಅವರ ದವಡೆ ಆಡುವುದನ್ನೇ ನಾವೆಲ್ಲ ನೋಡುತ್ತ ನಿಂತಿದ್ದೆವು.

"ಚೆನ್ನಾಗೈತೆ," ಎಂದರು.

ಕೂಸಿನ ತಾಯಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕಣ್ಣೊರೆಸಿಕೊಂಡಳು. ನಾನು ಹೋಗಿ ಅವಳ ಪಕ್ಕ ಕೂತೆ. ಅವಳೇ ನನ್ನ ಚೀಲ ತಗೊಂಡು ಬಾಯಿ ಹಿಡಿದು ನಿಂತಳು.

ಕೆಟ್ಟದ್ದನ್ನು ಕಳೆದ ಮೇಲೆ ಅವರಿಗೇ ಅಂದುಕೊಂಡದ್ದಕ್ಕಿಂತ ಕಡಿಮೆ ಉಳಿದಿತ್ತು. ಹಾಗಾಗಿ ಮೂರು ಚೀಲದ ಆಸೆಯಿಟ್ಟುಕೊಂಡು ಹೋದವಳಿಗೆ ಸಿಕ್ಕಿದ್ದು ಒಂದೂವರೆ ಚೀಲ. ಅದನ್ನೂ ಅವರು ಕೊಡದಿರಬಹುದಿತ್ತು. ಬಸ್ಸಿಗೆ ಏರಿಸುವಾಗ ಕಂಡಕ್ಟರು ತೆಲುಗಿನಲ್ಲಿ ಲಗೇಜಿನ ಟಿಕೆಟ್ ತೆಗೆದುಕೋ ಎಂದ, ತೆಗೆದುಕೊಂಡೆ. ಕಲ್ಯಾಣದುರ್ಗದಲ್ಲಿ ಇಳಿದಾಗ ಮೋಡ ಕವಿದು ಹನಿ ಬಿತ್ತು. ಬಸ್ ಸ್ಟ್ಯಾಂಡಿನ ಒಳಗೆ ಚೀಲ ಎಳೆದುಕೊಂಡು ಹೋಗುವಷ್ಟರಲ್ಲಿ ನನ್ನ ಸೆರಗನ್ನೇ ಮೇಲೆ ಹೊದಿಸಿದ್ದೆ. ಆ ಬೆಳಿಗ್ಗೆ ನೋಡಿದ ಕಪ್ಪು ಗಂಟುಗಳು ಕಣ್ಣಿಗೆ ಕಟ್ಟಿದ್ದವು. ಒಂದು ಹನಿ ನೀರು ಚೀಲಕ್ಕೆ ಬಿದ್ದರೂ ನನ್ನ ಮೈಮೇಲೆ ಬಿದ್ದಂತಾಗುತ್ತಿತ್ತು.

ಆ ರಾಗಿ ನಮ್ಮನ್ನು ಆರ್ಡರು ಬರುವವರೆಗೆ ದಾಟಿಸಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಬುಧವಾರಕ್ಕೆ ಆಯಿತು, ಮೂರನೆಯದಕ್ಕೆ ಕೆರೆದು ಹಾಕಿದೆವು. ಆದರೆ ಆ ಮೂರು ವಾರದಲ್ಲಿ ಕೆಲವರಿಗೆ ಬೇರೆ ದಾರಿ ಸಿಕ್ಕಿತು. ಕೆಲವರು ಬೊಮ್ಮನಹಾಳ್ ಕಡೆ ಕೂಲಿಗೆ ಹೋದರು. ತೆಲುಗಿನ ಹುಡುಗಿ ರಾಗಿ ಸಂಗಟಿ, ಅಂದರೆ ಮುದ್ದೆ, ಮಾಡಿ ಕೂಸಿಗೆ ತಿನ್ನಿಸಿದ್ದನ್ನು ಹೇಳಿ, ಕೂಸು ಈಗ ಅನ್ನವನ್ನೇ ಮುಟ್ಟುವುದಿಲ್ಲ ಎಂದು ದೂರಿದಳು. ಅಷ್ಟರಲ್ಲಿ ಒಂದೊಂದೇ ಯೂನಿಟ್ಟಿನ ಶಟರು ಮೇಲೇರಿತು. ಮುಖ್ಯವಾಗಿ, ಕೋಣೆಯ ಬಾಗಿಲು ಹಾಕಲಿಲ್ಲ.

ನನ್ನ ಆತಂಕ ಮಾತ್ರ ಅಲ್ಲಿಂದ ಹೆಚ್ಚಾಯಿತು. ಈಗ ಡ್ರಮ್ಮು ಎರಡು ಊರಿಗೆ ಉತ್ತರ ಹೇಳಬೇಕಿತ್ತು. ಬಟವಾಡೆ ಮತ್ತೆ ಸುರುವಾದ ಮೊದಲ ಶನಿವಾರಗಳಲ್ಲಿ ಜನ ಬಾಡಿಗೆ, ಬಾಕಿ, ಮಕ್ಕಳ ಫೀಸು ಎಂದು ಅಲ್ಲಲ್ಲೇ ಹಂಚಿಕೊಂಡು ಬಂದು ಖಾಲಿ ಕೈ ತೋರಿಸುತ್ತಿದ್ದರು. ಕೇಳಲು ನಾಚಿಕೆ, ಕೇಳದಿದ್ದರೆ ಭಯ. ಚಿಗವ್ವ ಮಾತ್ರ ಹೇಳಿದಂತೆ ಮಾಡಿದಳು. ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು, "ರಾಗಿ ತಿಂದದ್ದು ನೆನಪೈತೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಮನೆಗೆ ಹೋಗುತ್ತಿದ್ದಳು. ಕೆಲವರಿಗೆ ಸಿಟ್ಟು ಬಂತು. ಇಸ್ತ್ರಿಯವನ ಹೆಂಡತಿ ಎರಡು ವಾರ ಮಾತು ಬಿಟ್ಟಳು. ಆದರೆ ಅಕ್ಕಿ ಹಾಕಿದಳು.

ಆಷಾಢದಲ್ಲಿ ಡ್ರಮ್ಮು ತೆಗೆದು ನೋಡಿದರೆ ಅಕ್ಕಿಗೆ ನುಸಿ ಹಿಡಿದಿತ್ತು. ನಾಲ್ಕೂ ಜನ ಮಾಳಿಗೆಯ ಮೇಲೆ ಹರವಿ, ಕೇರಿ, ಮತ್ತೆ ತುಂಬಿದೆವು. ಒಣಬೇವಿನ ಎಲೆ ಹಾಕಿದೆವು. ಶ್ರಾವಣ ಹತ್ತಿರ ಬಂದಂತೆ ಅಕ್ಕನ ಫೋನು ಬಂದರೆ ಎತ್ತುವ ಮೊದಲು ಡ್ರಮ್ಮಿನಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಅವಳು ಮೊದಲು ಕುರಿ, ಮಳೆ, ಬಿತ್ತನೆ ಎಲ್ಲ ಹೇಳಿ ಕೊನೆಗೆ ಒಂದು ದಿನ ಹೇಳಿದಳು: "ಕೇಳ್ತಾವ್ರೆ ಕಣೆ."

ಈ ಸಲ ಚಿಗವ್ವನೂ ನನ್ನ ಜೊತೆ ಬಂದಳು. ಅಕ್ಕಿ, ತೊಗರಿಬೇಳೆ, ಹತ್ತು ಮಕ್ಕಳಿಗೆ ಆಗುವಷ್ಟು ಚಡ್ಡಿ. ಚಡ್ಡಿ ಯಾರೂ ಕೇಳಿರಲಿಲ್ಲ. ತಂದಿದ್ದ ರಾಗಿಗಿಂತ ಅಕ್ಕಿ ಕಡಿಮೆಯಿತ್ತಲ್ಲ, ಅದಕ್ಕೆ ಕಟಿಂಗಿನಲ್ಲಿ ಉಳಿದ ತುಂಡುಗಳನ್ನು ಕೇಳಿಕೊಂಡು ನಾವೇ ಹೊಲಿದದ್ದು. ಅತ್ತೆ ಸೇರಿನಿಂದ ಅಳೆದರು. ಕಡಿಮೆಯಿದೆ ಎಂದು ಅವರಿಗೂ ಗೊತ್ತಾಯಿತು, ನಮಗೂ ಗೊತ್ತಿತ್ತು. ಚಿಗವ್ವ ಮುಂದೆ ಬಂದು, "ಕಡಿಮಿ ಬಿದ್ದೈತ್ರಿ ಯಕ್ಕಾ. ಹೇಳಾಕ ಬಂದೀನಿ," ಎಂದಳು.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಫೋನಾಗೆ ಕೂಗಿದ್ದು ನೀನೇನಾ? ದನಿ ಕೇಳಿ ಇನ್ನೂ ದಪ್ಪ ಇರ್ತೀಯ ಅಂದ್ಕಂಡಿದ್ದೆ," ಎಂದರು. ಆಮೇಲೆ ಮುದ್ದೆ ಮಾಡಲು ಸೊಸೆಗೆ ಹೇಳಿದರು. ಉಣ್ಣುವಾಗ ಅವರಿಬ್ಬರೂ ಅಕ್ಕಪಕ್ಕ ಕೂತು ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿದರೂ ಬಿಡದೆ ಮಾತಾಡಿದರು. ಹೊರಡುವಾಗ ಅತ್ತೆ ನನ್ನನ್ನು ತಡೆದು ಹಗೇವಿನ ಕಡೆ ತೋರಿಸಿ ಕೇಳಿದರು: "ನಮ್ ಕಾಲಕ್ಕೆ ಏನೋ ನಡೀತದೆ. ಆಮೇಲೆ ಇದರ ಬಾಯಿ ತೆಗೆಯೋರು ಯಾರಮ್ಮ?"

ಮರುವರ್ಷ ನಮ್ಮ ಸಾವ್ಕಾರರು ಇನ್ನೂ ನಾಲ್ಕು ಮಷಿನ್ ಹಾಕಿದರು. ಕೋಣೆ ಬೇಕು ಎಂದು ಮೆತ್ತಗೆ ಹೇಳಿದರು. ಇಷ್ಟು ವರ್ಷ ಒಂದು ರೂಪಾಯಿ ಬಾಡಿಗೆ ಕೇಳದವರು, ಅವರನ್ನು ಏನೆನ್ನುವುದು? ಬೇರೆ ಕೋಣೆ ಹುಡುಕಿದೆವು. ಬಾಡಿಗೆ ಕೇಳದವರು ಸಿಗಲಿಲ್ಲ. ಕೊನೆಗೆ ಡ್ರಮ್ಮುಗಳನ್ನು ನಮ್ಮ ನಾಲ್ಕು ಮನೆಗಳಿಗೆ ಹಂಚಿಕೊಂಡೆವು. ಅಕ್ಕಿ ಚಿಗವ್ವನ ಮನೆಯಲ್ಲಿ, ಹಟ್ಟಿಯಿಂದ ಬಂದ ರಾಗಿ ಇನ್ನೊಬ್ಬಳ ಮನೆಯಲ್ಲಿ, ಎಣ್ಣೆ, ಉಪ್ಪು, ಖಾರ ಮತ್ತೊಬ್ಬಳ ಮನೆಯಲ್ಲಿ. ಬೇಳೆಯ ಡ್ರಮ್ಮು ನನ್ನ ಅಡುಗೆಮನೆಗೆ ಬಂತು.

ಕೋಣೆಯಿದ್ದಾಗ ಬೀಗ ಹಾಕಿದರೆ ಅರ್ಧ ಚಿಂತೆ ಅಲ್ಲೇ ಉಳಿಯುತ್ತಿತ್ತು. ಈಗ ಒಲೆಯ ಪಕ್ಕದಲ್ಲೇ ಕೂತಿದೆ. ಒಂದು ಭಾನುವಾರ ನೆಂಟರು ಬಂದರು, ಮನೆಯ ಬೇಳೆ ಮುಗಿದಿತ್ತು. ನನ್ನ ಯಜಮಾನರು ಡ್ರಮ್ಮಿನ ಕಡೆ ನೋಡಿ, "ಇದರಾಗ ಒಂದು ಪಾವು ತಗಾ, ಶನಿವಾರ ಹಾಕಿದ್ರಾತು," ಎಂದರು. ಅವರು ಹೇಳಿದ್ದರಲ್ಲಿ ದೊಡ್ಡ ತಪ್ಪೇನಿಲ್ಲ. ನಾನು ಅಂಗಡಿಗೆ ಕಳಿಸಿದೆ. ಅವತ್ತು ಅಂಗಡಿ ತೆರೆದಿತ್ತು, ಕೈಯಲ್ಲಿ ದುಡ್ಡಿತ್ತು. ಎರಡೂ ಇಲ್ಲದ ದಿನ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಉಳಿದ ಮೂವರ ಮನೆಯಲ್ಲೂ ಇದೇ ಮಾತು ಬಂದಿರುತ್ತದೆ ಎಂದು ಹೊಳೆದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಚಿಗವ್ವನ ಮನೆಗೆ ಹೋಗಿ ನೆಂಟರ ಸಂಗತಿಯನ್ನು ಇದ್ದಂತೆ ಹೇಳಿದೆ.

ಅವಳು ನಗಲಿಲ್ಲ, ಬೈಯಲಿಲ್ಲ. "ನಾನು ಹೋದ ತಿಂಗಳು ತಗಂಡಿದ್ದೆ. ವಾಪಸ್ ಹಾಕೀನಿ," ಎಂದಳು. "ಹೇಳಬೇಕಂತಿದ್ದೆ. ಹೆಂಗ ಹೇಳ್ಲಿ ಅಂತ ಕುಂತಿದ್ದೆ."

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಬಟವಾಡೆಯ ಸಂಜೆ ನಾಲ್ವರೂ ಒಬ್ಬರ ಮನೆಯಲ್ಲಿ ಸೇರುತ್ತೇವೆ, ಆ ಮನೆಯ ಡ್ರಮ್ಮಿನ ಮುಚ್ಚಳ ತೆಗೆದು ಎಲ್ಲರೂ ನೋಡುತ್ತೇವೆ. ತೆಗೆದುಕೊಂಡಿದ್ದರೆ ತೆಗೆದುಕೊಂಡೆ ಎಂದು ಹೇಳುವುದು, ಯಾವಾಗ ಹಾಕುತ್ತೇನೆಂದು ಹೇಳುವುದು. ಆಮೇಲೆ ಚಹಾ ಕುಡಿಯುವುದು. ಈ ಶನಿವಾರ ನಮ್ಮ ಮನೆಯ ಸರದಿ.